ಸೂಜಿಗಲ್ಲಿಗೆ ಹತ್ತದ ಸ್ಟೀಲು

ಆ ಮಧ್ಯಾಹ್ನ ನಮ್ಮ ಹಿತ್ತಲಲ್ಲಿ ನಿಜವಾಗಿ ಏನಾಯಿತು ಎಂದು ನನಗೆ ಗೊತ್ತಿಲ್ಲ. ಗೊತ್ತಿದೆ ಎಂದುಕೊಂಡೇ ಬದುಕಿನ ಬಹುಪಾಲು ಕಳೆದೆ. ಶೀನ ಕಾಕಾ ಮಾಡಿದ ಚಾಕುವಿನ ಅಲಗು ಮುರಿಯಿತು, ಅದರ ತುದಿ ಹಾರಿ ನನ್ನ ಎಡಹುಬ್ಬಿಗೆ ಬಡಿಯಿತು, ಅದಕ್ಕೇ ಕಾಕಾ ಮನೆ ಬಿಟ್ಟು ಕಂಪ್ಲಿ ಸೇರಿದ. ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದ ಕಥೆ ಇದು. ಎಷ್ಟು ಸಲ ಕೇಳಿದ್ದೆನೆಂದರೆ, ಆ ತುದಿ ಬಿಸಿಲಲ್ಲಿ ಮಿಂಚುತ್ತಾ ನನ್ನ ಕಡೆಗೆ ತಿರುಗಿ ಬರುವ ಚಿತ್ರ ಈಗಲೂ ಕಣ್ಣ ಮುಂದಿದೆ. ಆದರೆ ಹುಬ್ಬನ್ನು ಸೀಳುವ ವೇಗದಲ್ಲಿ ಬರುವ ಲೋಹದ ಚೂರನ್ನು ಯಾವ ಹುಡುಗನ ಕಣ್ಣೂ ಹಿಡಿಯಲಾರದು. ಹಾಗಾದರೆ ಆ ಚಿತ್ರ ನಾನು ಕಂಡದ್ದಲ್ಲ, ಕಟ್ಟಿಕೊಂಡದ್ದು. ನೆನಪು ಹೇಗೆ ಸುಳ್ಳು ಹೇಳುತ್ತದೆ ಎಂಬುದನ್ನು ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರಾಗಿ ವರ್ಷಗಟ್ಟಲೆ ಪಾಠ ಮಾಡಿದ ನನಗೆ, ಆ ಪಾಠವನ್ನು ನನ್ನ ಹುಬ್ಬಿಗೆ ಅನ್ವಯಿಸಬೇಕು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಹೊಸಪೇಟೆಯ ಹಳೆಯ ಓಣಿಯಲ್ಲಿ ನಮ್ಮ ಮನೆ. ಮುಂದಿನಿಂದ ನೋಡಿದರೆ ಒಂದು ಬಾಗಿಲಿನಷ್ಟೇ ಅಗಲ. ಒಳಗೆ ಹೋದರೆ ಪಡಸಾಲೆ, ದೇವರಮನೆ, ಕತ್ತಲ ಅಡುಗೆಮನೆ, ಬಚ್ಚಲು, ಕೊನೆಗೆ ಹಠಾತ್ತನೆ ಬಿಸಿಲಿನ ಹಿತ್ತಲು. ಹಿತ್ತಲನ್ನು ಇಬ್ಬರು ಹಂಚಿಕೊಂಡಿದ್ದರು. ತುಳಸಿಕಟ್ಟೆಯಿಂದ ಅಡುಗೆಮನೆಯ ಕಡೆಗೆಲ್ಲ ಅಜ್ಜಿಯದು. ಕಟ್ಟೆಯಿಂದ ಆಚೆ, ತಗಡಿನ ಮಾಡಿನ ಕೆಳಗೆ, ಅಪ್ಪನದು. ಅಪ್ಪ ಸಂಡೂರಿನ ಗಣಿಯೊಂದರ ವರ್ಕ್‌ಶಾಪಿನಲ್ಲಿ ಫೋರ್‌ಮನ್. ಸಂಜೆ ಬಂದಾಗ ಅಪ್ಪನ ಕಿವಿಯ ಸುಳಿಯೊಳಗೂ ಕೆಂಪು ಧೂಳು ಇರುತ್ತಿತ್ತು. ಅಮ್ಮ ಅವನ ಬಟ್ಟೆಯನ್ನು ಬೇರೆ ಬಕೀಟಿನಲ್ಲಿ ನೆನೆಹಾಕುತ್ತಿದ್ದಳು. ಆ ನೀರು ಕುಂಕುಮ ಕದಡಿದಂತೆ ಇರುತ್ತಿತ್ತು. ಹಿತ್ತಲ ಬಾಗಿಲಿನಿಂದ ಬಂದು ಮಾಡಿನ ಕೆಳಗೇ ಸ್ನಾನ ಮಾಡುವ ತನಕ ಅಪ್ಪ ತುಳಸಿಕಟ್ಟೆ ದಾಟುವಂತಿರಲಿಲ್ಲ. ಭಾನುವಾರ ಮಾತ್ರ ಅವನು ಆ ಗಡಿಯ ಆಚೆಯೇ ಇಡೀ ದಿನ ಉಳಿಯುತ್ತಿದ್ದ, ಏಕೆಂದರೆ ಭಾನುವಾರ ಅಣ್ಣತಮ್ಮಂದಿರಿಬ್ಬರೂ ಮಡಚುವ ಚಾಕು ಮಾಡುತ್ತಿದ್ದರು. ಅಪ್ಪನ ತಮ್ಮ ಶೀನ ಕಾಕಾ ಆಗಿನ್ನೂ ಮದುವೆಯಾಗದೆ ನಮ್ಮ ಜೊತೆಗೇ ಇದ್ದ.

ಈ ಚಾಕುವಿನ ಹುಚ್ಚು ಹತ್ತಿದ್ದು ಹಂಪಿ ಬಜಾರಿನಲ್ಲಿ ಎಂದು ಕಾಕಾ ಹೇಳುತ್ತಿದ್ದ. ವಿರೂಪಾಕ್ಷನ ದರ್ಶನ ಮುಗಿಸಿ ನಾವು ಕಲ್ಲುಮಂಟಪವೊಂದರ ನೆರಳಲ್ಲಿ ಕೂತಿದ್ದೆವಂತೆ. ಪಕ್ಕದಲ್ಲಿ ಪರದೇಶದವನೊಬ್ಬ ಕಿಸೆಯಿಂದ ಚಾಕು ತೆಗೆದು ಕಿತ್ತಳೆ ಸುಲಿಯುತ್ತಿದ್ದ. ಕಾಕಾ ಕೈಸನ್ನೆ ಮಾಡಿ ಅದನ್ನು ಕೇಳಿ ಪಡೆದ. ತೆರೆದ, ಮಡಚಿದ, ಮತ್ತೆ ತೆರೆದ. ಸೋಡಾ ಮಾರುವವನ ಹತ್ತಿರ ನಿಂಬೆ ಹೋಳು ಇಸಿದುಕೊಂಡು ಅಲಗಿಗೆ ತಿಕ್ಕಿ ಕಾಯ್ದ. ಕಪ್ಪಾಗಲಿಲ್ಲ. ಆಗ ಅಜ್ಜಿ ತನ್ನ ಚೀಲದಿಂದ ಸೂಜಿಗಲ್ಲು ತೆಗೆದಳು.

ಆ ಸೂಜಿಗಲ್ಲಿನ ಬಗ್ಗೆ ಹೇಳಲೇಬೇಕು. ಕೆಟ್ಟುಹೋದ ರೇಡಿಯೋದ ಸ್ಪೀಕರಿನಿಂದ ಅಪ್ಪ ಕಿತ್ತುಕೊಟ್ಟ, ಚಕ್ಕುಲಿಯಷ್ಟು ದೊಡ್ಡ ಕಪ್ಪು ಬಿಲ್ಲೆ ಅದು. ನಾವೆಲ್ಲ ಆಯಸ್ಕಾಂತ ಎಂದರೆ ಅಜ್ಜಿ ಸೂಜಿಗಲ್ಲು ಎನ್ನುತ್ತಿದ್ದಳು. ಪಾತ್ರೆ ಅಂಗಡಿಗೆ ಹೋದಾಗ ಅವಳು ಲೋಟದ ತಳಕ್ಕೆ, ತಟ್ಟೆಯ ಅಂಚಿಗೆ, ಸೌಟಿನ ಹಿಡಿಗೆ ಅದನ್ನು ತಾಗಿಸಿ ನೋಡುತ್ತಿದ್ದಳು. ಹತ್ತಿಕೊಂಡರೆ ಕಬ್ಬಿಣದ ಬೆರಕೆ, ವಾಪಸ್ಸು. ಹತ್ತದಿದ್ದರೆ ಅಸಲಿ ಸ್ಟೀಲು, ಮಡಿಗೆ ನಡೆಯುತ್ತದೆ. ಅಂಗಡಿಯವನು ಅವಳನ್ನು ದೂರದಿಂದ ಕಂಡ ಕೂಡಲೇ, ‘ಅಜ್ಜಿ ಬಂದ್ರು, ಒಳಗಿನ ಮಾಲು ತಗೀರಲೇ’ ಎಂದು ಆಳುಗಳಿಗೆ ಕೂಗುತ್ತಿದ್ದ. ಅವತ್ತು ಹಂಪಿಯಲ್ಲಿ ಸೂಜಿಗಲ್ಲು ಆ ಪರದೇಶಿ ಚಾಕುವಿಗೆ ಟಕ್ಕನೆ ಹತ್ತಿತು.

“ಕಬ್ಬಿಣ!” ಅಂದಳು ಅಜ್ಜಿ.

“ಅವ್ವಾ, ನಿಂಬಿಹಣ್ಣಿಗೆ ಕಪ್ಪಾಗಿಲ್ಲ ನೋಡು. ಇದು ಸ್ಟೀಲು.”

“ಹಂಗಾರ ಫಾರಿನ್ ಕಬ್ಬಿಣ.”

ಆ ಚಾಕುವಿನಂಥ ಉಕ್ಕು, ಅಂದರೆ ತುಕ್ಕೂ ಹಿಡಿಯದ, ಹದವೂ ಕೂಡುವ ಉಕ್ಕು, ಹೊಸಪೇಟೆಯ ಗುಜರಿಯಲ್ಲಿ ಸಿಗಲಿಲ್ಲ. ಸಿಕ್ಕದ್ದು ಎರಡು. ಲೋಹ ಉಜ್ಜಿ ಸವೆದ ಅರ, ಮುರಿದ ಲಾರಿ ಪಾಟಾ, ಅಂದರೆ ಗಾಲಿಯ ಮೇಲೆ ಭಾರ ಹೊರುವ ಸ್ಪ್ರಿಂಗಿನ ಪಟ್ಟಿ. ಮನೆ ಎರಡು ಪಕ್ಷವಾಯಿತು. ಕಾಕಾನದು ಅರದ ಪಕ್ಷ. ಸಾಣೆಗಾಲಿಗೆ ಅರ ಹಿಡಿದರೆ ಕಿಡಿಗಳು ಹೂಬಾಣದಂತೆ ಒಡೆದು ಚೆಲ್ಲುತ್ತಿದ್ದವು; ಅಷ್ಟು ಕಿಡಿ ಚೆಲ್ಲುವ ಉಕ್ಕಿಗೇ ಹರಿತ ನಿಲ್ಲುವುದು ಎನ್ನುತ್ತಿದ್ದ. ಅಪ್ಪನದು ಪಾಟಾದ ಪಕ್ಷ. ಲೋಡು ಹೊತ್ತು ಸಂಡೂರಿನ ಘಾಟು ಇಳಿದ ಉಕ್ಕು ಬಾಗುತ್ತದೆ, ಮುರಿಯುವುದಿಲ್ಲ ಎನ್ನುತ್ತಿದ್ದ. ಕೆಂಪಗೆ ಕಾಸಿ ಎಣ್ಣೆಗೆ ಅದ್ದಿದ ಅಲಗನ್ನು ಮತ್ತೆ ಸಣ್ಣ ಉರಿಯಲ್ಲಿ ಹದಕ್ಕೆ ಇಳಿಸಬೇಕು. ಉಜ್ಜಿದ ಉಕ್ಕಿನ ಮೈಮೇಲೆ ಆಗ ಬಣ್ಣ ಓಡುತ್ತದೆ. ಮೊದಲು ಒಣಗಿದ ಜೋಳದ ದಂಟಿನ ಹಳದಿ, ಆಮೇಲೆ ಕಂದು, ಆಮೇಲೆ ನವಿಲುಗತ್ತಿನ ನೀಲಿ. ಬೇಗ ತೆಗೆದಷ್ಟೂ ಹರಿತ ಹೆಚ್ಚು, ಮುರಿಯುವ ಭಯವೂ ಹೆಚ್ಚು. ಕಾಕಾ ಹಳದಿಗೇ ತೆಗೆದುಬಿಡುತ್ತಿದ್ದ. ಅಪ್ಪ ನೀಲಿ ಬರುವ ತನಕ ಕಾಯುತ್ತಿದ್ದ.

“ಜಲ್ದಿ ಮಾಡಬ್ಯಾಡೋ ಶೀನ. ಕಿಸೇದಾಗ ಇಡೋ ಚಾಕು ಅದು. ಮಂದಿ ಅದರಿಂದ ಡಬ್ಬಿ ಮುಚ್ಚಳಾನೂ ಮೀಟತಾರ.”

“ಡಬ್ಬಿ ಮೀಟೋರಿಗೆ ಚಮಚಾ ಮಾಡಿಕೊಡು ಅಣ್ಣ. ಚಾಕು ನಾ ಮಾಡ್ತೀನಿ.”

ಇವರಿಬ್ಬರ ನಡುವೆ ಅಜ್ಜಿಯದು ಮೂರನೆಯ ಪಕ್ಷ. ಅವಳಿಗೂ ಒಂದು ಮಡಚುವ ಚಾಕು ಬೇಕಿತ್ತು. ಯಾತ್ರೆಗೆ ಹೋದಾಗ ನೈವೇದ್ಯದ ಹಣ್ಣು ಹೆಚ್ಚಲು ಈಳಿಗೆ ಹೊತ್ತುಕೊಂಡು ಬಸ್ಸು ಹತ್ತಲಾಗುವುದಿಲ್ಲವಲ್ಲ. ಆದರೆ ಅದು ಸ್ಟೀಲಿನದೇ ಆಗಬೇಕು. ಇಡೀ ಜಗಳ ಈ ಒಂದು ಮಾತಿನ ಸುತ್ತ ತಿರುಗುತ್ತಿತ್ತು. ತುಳಸಿಕಟ್ಟೆಯ ಆಚೆ ಸ್ಟೀಲು ಎಂದರೆ ಕಾಸಿದರೆ ಗಡುಸಾಗುವುದು. ಈಚೆ ಸ್ಟೀಲು ಎಂದರೆ ಹುಳಿ ತಾಗಿದರೂ ಕಪ್ಪಾಗದ್ದು, ಸೂಜಿಗಲ್ಲಿಗೆ ಹತ್ತದ್ದು. ಕಾಕಾನ ಚಾಕುವಿನಿಂದ ಅಮ್ಮ ಒಮ್ಮೆ ಬಾಳೆಕಾಯಿ ಹೆಚ್ಚಿದ್ದಳು. ಹೋಳುಗಳೆಲ್ಲ ಮಸಿ ಬಳಿದಂತೆ ಕಪ್ಪಿಟ್ಟು, ಅಂದಿನ ಪಲ್ಯ ಆಕಳಿನ ಪಾಲಾಯಿತು.

“ಸೂಜಿಗಲ್ಲಿಗೆ ಹತ್ತದ ಸ್ಟೀಲಿಗೆ ಹದಾ ಕೂಡಂಗಿಲ್ಲವ್ವ,” ಅಪ್ಪ ಸಮಾಧಾನವಾಗಿ ಹೇಳುತ್ತಿದ್ದ. “ಎಷ್ಟು ಕಾಸಿದ್ರೂ ಮೆತ್ತಗ. ಟೊಮೇಟೋನೂ ಕೊಯ್ಯಂಗಿಲ್ಲ.”

“ನಾ ಏನು ಟೊಮೇಟೋ ತಿಂತೀನೇನು?”

“ನಿನ್ನ ಈಳಗಿ ಕಬ್ಬಿಣದ್ದೇ ಅದಲ್ಲ?” ಎಂದು ಕಾಕಾ ನಡುವೆ ಬಾಯಿ ಹಾಕುತ್ತಿದ್ದ.

“ಈಳಗಿ ನನ್ನ ಅಡಿಗಿಮನ್ಯಾಗ ಇರತದ. ನಿನ್ನ ಚಾಕು ನಿನ್ನ ಕಿಸೇದಾಗ ಇರತದ, ಬೀಡಿ ಜೋಡಿ. ನನಗ ಗೊತ್ತಿಲ್ಲಂತ ತಿಳಕೊಂಡೀ?”

ಕೊನೆಗೆ ಅಪ್ಪ ಸೋತ. ಅಜ್ಜಿ ತಾನೇ ಸೂಜಿಗಲ್ಲು ಹಿಡಿದು ಆರಿಸಿದ ಒಂದು ದಪ್ಪ ಹಿಡಿಯ ಸೌಟನ್ನು ಕೊಟ್ಟಳು. ಆ ಹಿಡಿಯಿಂದಲೇ ಅಲಗು. ಅಷ್ಟೇ ಅಲ್ಲ, ಅಲಗು ತಿರುಗುವ ಆಣಿಯೂ ಅದರಿಂದಲೇ ಆಗಬೇಕು, ಒಳಗೆ ಎಲ್ಲೂ ಕಬ್ಬಿಣ ಇರಕೂಡದು ಎಂದಳು. ಅಪ್ಪ ಹಿಡಿಯ ಒಂದು ಅಂಚನ್ನು ಸೀಳಿ, ಅರದಿಂದ ಉಜ್ಜಿ ಉಜ್ಜಿ ದುಂಡಗೆ ಮಾಡಿ ಆಣಿ ತಯಾರಿಸಿದ. ಕಾಕಾ ಅದಕ್ಕೆ ‘ಪಲ್ಯದ ಚಾಕು’ ಎಂದು ಹೆಸರಿಟ್ಟ.

ಇಲ್ಲಿಯ ತನಕ ಹೇಳಿದ್ದನ್ನು ಅಮ್ಮನೂ ಕಾಕಾನೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ, ಎರಡೂ ಹೊಂದುತ್ತವೆ. ಮುಂದಿನದು ಮಾತ್ರ ನನ್ನದು, ಆದ್ದರಿಂದ ಅದನ್ನು ಅನುಮಾನದಿಂದಲೇ ಬರೆಯುತ್ತಿದ್ದೇನೆ. ಊಟ ಮುಗಿದಿತ್ತು. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದೆ. ನನ್ನ ಒಂದು ಬದಿಗೆ ಅಪ್ಪ, ರೈಲು ಹಳಿಯ ತುಂಡಿನ ಮೇಲೆ ಅಜ್ಜಿಯ ಚಾಕು ಇಟ್ಟುಕೊಂಡು, ಉದ್ದವಾಗಿದ್ದ ಆಣಿಯ ತುದಿಯ ಮೇಲೆ ಚಾಣದ ಉಳಿಯಿಟ್ಟು ಸುತ್ತಿಗೆಯಿಂದ ಹೊಡೆದು ಕತ್ತರಿಸುತ್ತಿದ್ದ. ಇನ್ನೊಂದು ಬದಿಗೆ ಕಾಕಾ ತನ್ನ ಅರದ ಅಲಗನ್ನು ವೈಸಿನ ಕಬ್ಬಿಣದ ದವಡೆಗೆ ಕಚ್ಚಿಸಿ ಬಿಗಿದಿದ್ದ. ತನ್ನ ಅಲಗೂ ಬಾಗುತ್ತದೆ, ಮುರಿಯುವುದಿಲ್ಲ ಎಂದು ಅಣ್ಣನಿಗೆ ತೋರಿಸಬೇಕಿತ್ತು ಅವನಿಗೆ.

“ಅಣ್ಣ, ಇಲ್ಲಿ ನೋಡು. ನೋಡಿದೀ? ಬಾಗ್ತದ, ಬಾಗ್ತದ...”

ಎರಡು ಸದ್ದು ಕೇಳಿದವು. ಒಂದು ಗಾಜು ಒಡೆದಂತೆ, ಒಂದು ಸುತ್ತಿಗೆಯದು. ಯಾವುದು ಮೊದಲು ಎಂದು ನನಗೆ ತಿಳಿಯದು. ಒಂದೇ ಆಗಿ ಕೇಳಿದವೇನೋ. ನೋವು ನೆನಪಿಲ್ಲ. ಮಂಡಕ್ಕಿ ಕೆಂಪಾದದ್ದು ನೆನಪಿದೆ. ಅಮ್ಮ ಓಡಿಬಂದು ಅರಿಶಿನ ಒತ್ತಿದಳು. ಎಲ್ಲರ ಕಣ್ಣೂ ವೈಸಿನಲ್ಲಿ ಮೊಂಡಾಗಿ ನಿಂತಿದ್ದ ಅಲಗಿನ ಮೇಲೆ. ಕಾಕಾ ಮೊಣಕಾಲೂರಿ ನೆಲವನ್ನೆಲ್ಲ ತಡಕುತ್ತಿದ್ದ.

ಆಗ ಅಜ್ಜಿ ಸೂಜಿಗಲ್ಲು ತಂದಳು.  ಅಮ್ಮನ ಕೈ ಸರಿಸಿ, ರಕ್ತ ಸೋರುತ್ತಿದ್ದ ಗಾಯದ ಮೇಲೆ ಆ ಕಪ್ಪು ಬಿಲ್ಲೆಯನ್ನು ಇಟ್ಟು, ಅತ್ತಿತ್ತ ಆಡಿಸಿ, ಮೆಲ್ಲಗೆ ಎತ್ತಿ ನೋಡಿದಳು. ತಣ್ಣಗಿತ್ತು. ಅದರ ತಣ್ಣನೆಯ ಅಂಚು ನನ್ನ ರೆಪ್ಪೆಗೆ ತಾಗಿತ್ತು. ಈ ಒಂದು ನೆನಪು ಯಾರೂ ನನಗೆ ಹೇಳಿಕೊಟ್ಟದ್ದಲ್ಲ.

“ಕಬ್ಬಿಣ ಒಳಗಿದ್ರ ಇದು ಎಳೀತಿತ್ತು. ಏನೂ ಎಳೀಲಿಲ್ಲ. ಬಡಿದು ಹೊರಗ ಬಿದ್ದದ. ರಾಯರು ಕಾಪಾಡಿದ್ರು.”

“ಸಿಕ್ತು! ತುದಿ ಸಿಕ್ತು ನೋಡ್ರಿ,” ಎಂದು ಕಾಕಾ ಕೂಗಿದ. ಮುರಿದ ತುದಿಯನ್ನು ಅಲಗಿಗೆ ಜೋಡಿಸಿ ಹಿಡಿದ. ಸರಿಯಾಗಿ ಕೂತಿತು. “ಇಲ್ಲೇ ವೈಸಿನ ಬುಡಕ್ಕೇ ಬಿದ್ದಿತ್ತು, ಅವ್ವ.”

“ಕೂಸಿನ ಹುಬ್ಬಿಗೆ ಬಡಿದು ಬಿತ್ತಲ್ಲೋ! ಇನ್ನೊಂದು ಗೋಧಿ ಕಾಳಿನಷ್ಟು ಕೆಳಗ ಬಂದಿದ್ರ ಕಣ್ಣೇ ಹೋಗತಿತ್ತು. ನಿನ್ನ ಕಬ್ಬಿಣ ಈ ಮನ್ಯಾಗ ಬ್ಯಾಡ.”

ಅಜ್ಜಿಯ ವಾದದಲ್ಲಿ ಬಿರುಕಿರಲಿಲ್ಲ. ಸೂಜಿಗಲ್ಲು ಎಳೆಯಲಿಲ್ಲ, ಆದ್ದರಿಂದ ಒಳಗೆ ಏನೂ ಇಲ್ಲ. ಒಳಗೆ ಇಲ್ಲ, ಆದ್ದರಿಂದ ಬಡಿದದ್ದು ಹೊರಗೆ ಬಿದ್ದಿರಬೇಕು. ಹೊರಗೆ ಸಿಕ್ಕದ್ದು ಕಾಕಾನ ತುದಿ. ಅಪ್ಪ ಏನು ಹೇಳಿದ? ಏನೂ ಹೇಳಲಿಲ್ಲ. ಚಾಣ ಹಿಡಿದುಕೊಂಡೇ ನಿಂತಿದ್ದ. ಕೆಲವೇ ದಿನಗಳಲ್ಲಿ ಕಾಕಾ ಕಂಪ್ಲಿಗೆ ಹೋದ. ಅಲ್ಲಿ ಗೆಳೆಯನೊಬ್ಬನದು ಕಬ್ಬಿನ ಗಾಣ ರಿಪೇರಿ ಮಾಡುವ ಅಂಗಡಿಯಿತ್ತು. ಅಜ್ಜಿಯ ಚಾಕು ಪೂರ್ತಿಯಾಗಲಿಲ್ಲ. ಅಪ್ಪ ಮತ್ತೆ ವೈಸು ಮುಟ್ಟಲಿಲ್ಲ. ಅಮ್ಮ ಅದರ ಹಿಡಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕತೊಡಗಿದಳು. ಮದುವೆ ಮುಂಜಿಗಳಲ್ಲಿ ಅಣ್ಣತಮ್ಮಂದಿರು ಸೇರುತ್ತಿದ್ದರು. ಆದರೆ ಎಲೆ ಹಾಕಿದಾಗ ಕಾಕಾ ಅಪ್ಪನಿಗೆ ಎದುರಾಗದಂತೆ ಬೇರೆ ಸಾಲು ಹುಡುಕಿ ಕೂರುತ್ತಿದ್ದ. ಅಜ್ಜಿ ಹೋದಳು, ಅಪ್ಪನೂ ಹೋದ. ಆ ಮನೆ ಈಗ ನಮ್ಮದಲ್ಲ. ಸೂಜಿಗಲ್ಲು ಮಾತ್ರ ನನ್ನ ಬೀರುವಿನ ಬಾಗಿಲಿಗೆ ಅಂಟಿಕೊಂಡು ಉಳಿದಿತ್ತು.

ಈಚೆಗೆ ತಲೆನೋವೆಂದು ಹೊಸಪೇಟೆಯ ಡಾಕ್ಟರೊಬ್ಬರ ಹತ್ತಿರ ಹೋದೆ. ಸೈನಸ್ ಇರಬಹುದೆಂದು ಎಕ್ಸ್‌ರೇ ತೆಗೆಸಿದರು. ಅವರು ಅದನ್ನು ಬೆಳಕಿಗೆ ಹಿಡಿದು ಒಂದು ಕಡೆ ಬೆರಳಿಟ್ಟರು.

“ನೀವು ಮೊದಲು ಫ್ಯಾಕ್ಟರಿಯೊಳಗ ಇದ್ರೇನ್ರಿ ಸಾರ್?”

“ಇಲ್ರಿ. ಪಾಠ ಮಾಡ್ತಿದ್ದೆ.”

“ಹಂಗಾರ ಇದೇನಿದು?”

ಬೂದುಬಣ್ಣದ ನನ್ನ ತಲೆಬುರುಡೆಯಲ್ಲಿ, ಎಡಹುಬ್ಬಿನ ಮೇಲೆ, ಅಚ್ಚ ಬಿಳಿಯ ಒಂದು ಚುಕ್ಕೆ. ಮೂಳೆಯ ಯಾವ ಭಾಗವೂ ಅಷ್ಟು ಬೆಳ್ಳಗಿರಲಿಲ್ಲ. ಅದು ಲೋಹ ಎಂದರು ಡಾಕ್ಟರು.  ಇಷ್ಟು ವರ್ಷ ಆ ಹುಬ್ಬನ್ನು ಕನ್ನಡಿಯಲ್ಲಿ ನೋಡಿದ್ದೇನೆ, ಅದರ ಮೇಲೆ ಕೈಯಿಟ್ಟು ಯೋಚಿಸಿದ್ದೇನೆ, ಸಾಕ್ಷ್ಯವಿಲ್ಲದೆ ಏನನ್ನೂ ನಂಬಬೇಡಿ ಎಂದು ಹುಡುಗರಿಗೆ ಹೇಳುವಾಗ ಅದನ್ನೇ ಉಜ್ಜಿಕೊಂಡಿದ್ದೇನೆ. ಸಾಕ್ಷ್ಯ ಚರ್ಮದ ಕೆಳಗೆ ಕೂತಿತ್ತು. ಹೊರಗೆ ಬಂದು ಆಟೋದಲ್ಲಿ ಕೂತ ಮೇಲೆ ಎರಡನೆಯ ಏಟು ಬಿತ್ತು. ಕಾಕಾನ ಅಲಗಿನ ತುದಿ ಸಿಕ್ಕಿತ್ತಲ್ಲ? ಜೋಡಿಸಿದಾಗ ಸರಿಯಾಗಿ ಕೂತಿತ್ತಲ್ಲ? ಹಾಗಾದರೆ ಇದು ಯಾವುದರ ಚೂರು? ಅಥವಾ ತುದಿ ಸಿಕ್ಕಿತು ಎಂಬುದೇ ಕಾಕಾನ ಮೇಲಿನ ಪ್ರೀತಿಗೆ ನಾನು ಆಮೇಲೆ ಸೇರಿಸಿಕೊಂಡದ್ದೋ?

ಚರ್ಮದ ಕೆಳಗೇ ಇದ್ದುದರಿಂದ ತೆಗೆಯುವುದು ಕಷ್ಟವಾಗಲಿಲ್ಲ. ತೊಳೆದು ಪುಟ್ಟ ಬಾಟಲಿಯಲ್ಲಿ ಹಾಕಿಕೊಟ್ಟರು. ಅಕ್ಕಿನುಚ್ಚಿನಷ್ಟು. ಒಂದು ಬದಿ ದುಂಡು, ಇನ್ನೊಂದು ಬದಿ ಕತ್ತರಿಸಿದಂತೆ ಚಪ್ಪಟೆ. ನನ್ನ ರಕ್ತದ ಉಪ್ಪಿನಲ್ಲಿ ಇಷ್ಟು ಕಾಲ ನೆನೆದರೂ ತುಕ್ಕಿನ ಕಲೆ ಇರಲಿಲ್ಲ.  ಬೀರುವಿನ ಬಾಗಿಲಿಗೆ ಅಂಟಿದ್ದ ಸೂಜಿಗಲ್ಲು ಕೈಗೆಟಕುವ ದೂರದಲ್ಲೇ ಇತ್ತು. ಆದರೂ ಒಬ್ಬನೇ ನೋಡಲು ಮನಸ್ಸಾಗಲಿಲ್ಲ. ನಾನು ಕಂಡೆ ಎಂಬ ಮಾತಿನ ಮೇಲೆ ನನಗೆ ನಂಬಿಕೆ ಹೋಗಿತ್ತು. ಎರಡನ್ನೂ ಬೇರೆ ಬೇರೆ ಚೀಲದಲ್ಲಿಟ್ಟುಕೊಂಡು ಕಂಪ್ಲಿಯ ಬಸ್ಸು ಹತ್ತಿದೆ.

ಕಾಕಾ ಅಂಗಳದಲ್ಲಿ ಮಂಚದ ಮೇಲೆ ಕೂತು ಮೊಮ್ಮಗಳಿಗೆ ಪೇರಲಹಣ್ಣು ಹೆಚ್ಚಿಕೊಡುತ್ತಿದ್ದ. ಕೈಯಲ್ಲಿ ಗಿಡ್ಡ ಅಲಗಿನ ಕಪ್ಪು ಚಾಕು.

“ಬಾರಲೇ ವಾದಿ.” ವಾದಿರಾಜ ಎಂಬ ನನ್ನ ಹೆಸರನ್ನು ಅವನು ಹೀಗೆ ಅರ್ಧಕ್ಕೇ ಕಡಿಯುತ್ತಾನೆ. “ಏನದು ಬಾಟ್ಲಿ? ನನಗೇನು ಔಷಧ ತಂದಿಯಾ?”

“ನನ್ನ ಹುಬ್ಬಿನಾಗಿತ್ತು, ಕಾಕಾ.”

ಅವನು ಬಾಟಲಿಯನ್ನು ಬಿಸಿಲಿಗೆ ಹಿಡಿದ. “ನಿನ್ನ ತಲಿಯಾಗ ಏನೋ ಅದ ಅಂತ ನನಗ ಮೊದಲಿಂದ ಅನುಮಾನ ಇತ್ತು ನೋಡು,” ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು. “ಅವತ್ತಿಂದು?”

ತುದಿಯ ಬಗ್ಗೆ ಕೇಳಿದೆ. ಉತ್ತರವಾಗಿ ಅವನು ಕೈಯಲ್ಲಿದ್ದ ಚಾಕುವನ್ನೇ ಮುಂದೆ ಹಿಡಿದ. ಅಂದು ಮುರಿದ ಅರದ ಅಲಗು ಅದೇ. ಮೊಂಡು ತುದಿಯನ್ನು ಸಾಣೆ ಹಿಡಿದು ಗಿಡ್ಡ ಚಾಕು ಮಾಡಿಕೊಂಡಿದ್ದ.

“ತುದಿ ಸಿಕ್ಕಿತ್ತು. ಸರಿಯಾಗಿ ಕೂತಿತ್ತು ಖರೇ. ಆದ್ರ ಅದೇ ನಿನಗ ಬಡಿದು ಬಿದ್ದದ ಅಂತ ಅವ್ವ ಅಂದ್ಲು, ನಾನೂ ಹಂಗೇ ತಿಳಕೊಂಡೆ. ಅವ್ವ ಹೋಗಂದ್ಲು ಅಂತ ನಾ ಬಂದಿಲ್ಲಪಾ. ಅವ್ವ ದಿನಾ ಹೋಗು ಅಂತಿದ್ಲು. ನಿನ್ನ ಮುಖದ ಪಟ್ಟಿ ನೋಡಿಕೋತ ಆ ಹಿತ್ತಲದಾಗ ಕುಂದ್ರಲಿಕ್ಕೆ ಆಗಲಿಲ್ಲ. ಇಲ್ಲಿ ಬಂದ ಮ್ಯಾಲ ನವಿಲುಗತ್ತಿನ ಬಣ್ಣ ಬರೋತನಕ ಇಳಸದ ಒಂದು ಅಲಗೂ ನಾ ಬಿಟ್ಟಿಲ್ಲ. ನಿಮ್ಮಪ್ಪನ ಹದಾನೇ.”

 ಮನೆಯವರು ಅವನ ಮೇಲೆ ಹೊರಿಸಿದ್ದರು, ಅವನು ಹಲ್ಲು ಕಚ್ಚಿ ಹೊತ್ತಿದ್ದ ಎಂದುಕೊಂಡಿದ್ದೆ. ಅವನೋ ಅದನ್ನು ನಿಜವೆಂದೇ ನಂಬಿದ್ದ. ನಾನು ಅಪ್ಪನ ಚಾಣದ ಸುದ್ದಿ ಎತ್ತಿದೆ. ಅಜ್ಜಿಯ ಸೌಟಿನ ಹಿಡಿ, ಅದರ ಆಣಿ, ಕತ್ತರಿಸುತ್ತಿದ್ದ ತುದಿ, ಈ ಚೂರಿನ ಚಪ್ಪಟೆ ಬದಿ. ಕಾಕಾ ಕೇಳುತ್ತಾ ಕೇಳುತ್ತಾ ಚಾಕುವನ್ನು ಮಂಚದ ಮೇಲೆ ಇಟ್ಟುಬಿಟ್ಟ.

“ಅಣ್ಣಗ ಗೊತ್ತಿತ್ತೇನು?”

ಗೊತ್ತಿಲ್ಲ. ಅಪ್ಪ ನನ್ನ ಪಕ್ಕ ಹಾದುಹೋಗುವಾಗ ಒಮ್ಮೊಮ್ಮೆ ಹೆಬ್ಬೆರಳಿನಿಂದ ನನ್ನ ಹುಬ್ಬು ಸವರುತ್ತಿದ್ದ ಎಂದು ನೆನಪು. ಎಕ್ಸ್‌ರೇ ನೋಡುವ ಮೊದಲೂ ಈ ನೆನಪು ಇತ್ತೇ ಎಂದು ಕೇಳಿದರೆ ಆಣೆ ಮಾಡಲಾರೆ. ಗೊತ್ತಿದ್ದೂ ಸುಮ್ಮನಿದ್ದನೋ, ಅನುಮಾನವಿದ್ದು ಕೇಳಿಕೊಳ್ಳಲು ಅಂಜಿದನೋ, ಅವನಿಗೂ ಅಜ್ಜಿಯ ವಾದವೇ ಸಾಕಾಯಿತೋ. ನನ್ನನ್ನು ಕಂಗೆಡಿಸಿದ್ದು ಇನ್ನೊಂದು. ಸೂಜಿಗಲ್ಲು ಹತ್ತಲಿಲ್ಲ ಎಂದರೆ ಏನರ್ಥ ಎಂದು ಹೊಸಪೇಟೆಯ ಪಾತ್ರೆ ಅಂಗಡಿಗಳಿಗೆಲ್ಲ ಕಲಿಸಿದವಳು ಅಜ್ಜಿ. ಹತ್ತದಿದ್ದರೆ ಅಸಲಿ ಸ್ಟೀಲು ಎಂಬುದು ಅವಳದೇ ಮಾತು. ಅವತ್ತು ಗಾಯದ ಮೇಲೆ ಅದು ಹತ್ತಲಿಲ್ಲ. ಹಾಗಾದರೆ ಒಳಗಿರುವುದು ತನ್ನ ಸೌಟಿನದು ಎಂದು ಅವಳಿಗೆ ಹೊಳೆಯಲಿಲ್ಲ. ತುಳಸಿಕಟ್ಟೆಯ ಈಚೆಯದು ಯಾರಿಗಾದರೂ ಗಾಯ ಮಾಡೀತು ಎಂಬುದು ಆ ಮನೆಯಲ್ಲಿ ಯಾರ ತಲೆಗೂ ಹೊಗುವಂತಿರಲಿಲ್ಲ. ಆದರೆ ಇದಿಷ್ಟೂ ತರ್ಕ. ಅಂದು ಸೂಜಿಗಲ್ಲಿನ ಶಕ್ತಿ ಚರ್ಮದೊಳಗೆ ಮುಟ್ಟದೆಯೂ ಇರಬಹುದು.

“ವಾದ ಸಾಕು,” ಅಂದ ಕಾಕಾ. “ಕಲ್ಲು ತಗಿ.”

ಮೊದಲು ಅವನ ಗಿಡ್ಡ ಚಾಕುವಿನ ಹತ್ತಿರ ಹಿಡಿದೆ. ಅಲಗು ಮಂಚದಿಂದ ಎದ್ದು ಟಕ್ಕನೆ ಸೂಜಿಗಲ್ಲಿಗೆ ಹತ್ತಿತು. ಅದನ್ನು ಬಿಡಿಸಿ ಬದಿಗಿಟ್ಟೆವು. ಚೂರನ್ನು ಕಾಕಾ ತನ್ನ ಅಂಗೈ ಮೇಲೆ ಸುರುವಿಕೊಂಡ. ಕೈ ಅಲುಗದಂತೆ ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದುಕೊಂಡ. ನಾನು ಸೂಜಿಗಲ್ಲನ್ನು ಮೇಲೆ ತಂದೆ, ತಾಗಿಸಿದೆ, ಅತ್ತಿತ್ತ ಆಡಿಸಿದೆ, ಎತ್ತಿದೆ. ಕಾಕಾ ಅದನ್ನು ನನ್ನಿಂದ ಕಸಿದುಕೊಂಡು ತಾನೇ ಮತ್ತೆ ಮಾಡಿ ನೋಡಿದ. ಮೊಮ್ಮಗಳ ಕೈಯಲ್ಲೂ ಮಾಡಿಸಿದ.

ಚೂರು ಅಂಗೈಯಲ್ಲೇ ಉಳಿಯಿತು.